ಲೆಕ್ಕ ಇಡದವನಿಗೆ ಜಗಳವಾಡುವ ಹಕ್ಕಿಲ್ಲ

ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಒಂದು ಸಣ್ಣ ಬಾಬಿನ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಕೋಶಾಧಿಕಾರಿಗಳು ಮುಂದಿನ ವರ್ಷದ ಅಂದಾಜು ಪಟ್ಟಿಯಲ್ಲಿ ‘ತಂತ್ರಾಂಶ ಪರವಾನಗಿ’ ಎಂದು ಒಂದು ಸಾಲು ಬರೆದು ಅದರ ಮುಂದೆ ಒಂದು ಮೊತ್ತ ನಮೂದಿಸಿದ್ದರು. ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, “ಅಲ್ಲ ಸ್ವಾಮಿ, ಈ ಮುಂಬಯಿಯಲ್ಲಿ ಸಾಫ್ಟ್‌ವೇರಿಗೆ ದುಡ್ಡು ಕೊಡುವವರು ಯಾರಿದ್ದಾರೆ? ಬಜಾರಿನ ಹುಡುಗನಿಗೆ ಐನೂರು ರೂಪಾಯಿ ಕೊಟ್ಟರೆ ಎಲ್ಲವನ್ನೂ ಹಾಕಿಕೊಟ್ಟು ಹೋಗುತ್ತಾನೆ” ಎಂದರು. ಸಭೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯೇ ಈ ಲೇಖನಕ್ಕೆ ಕಾರಣ.

ಚಪ್ಪಾಳೆ ತಟ್ಟಿದವರನ್ನು ದೂರುವ ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತೇವೆ. ಈ ಪತ್ರಿಕೆಯ ಪುಟಗಳನ್ನು ಹಲವು ವರ್ಷ ನಾವು ಕಟ್ಟಿದ್ದು ಯಾರೋ ಹಿತೈಷಿಗಳು ತಂದುಕೊಟ್ಟ ನಕಲು ತಂತ್ರಾಂಶದಲ್ಲಿ. ಕನ್ನಡ ಪುಸ್ತಕಗಳನ್ನು ಕೊಂಡು ಓದಿ ಎಂದು ಓದುಗರಿಗೆ ಉಪದೇಶ ಮಾಡಿದ ಸಂಪಾದಕೀಯಗಳೂ ಅದರಲ್ಲೇ ಅಚ್ಚಿಗೆ ಸಿದ್ಧವಾದವು! ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೇಳದೆ ಮುಂದಿನ ಮಾತಾಡಿದರೆ ಅದು ಇನ್ನೂ ದೊಡ್ಡ ನಾಚಿಕೆಗೇಡು.

“ಇದೆಲ್ಲ ದೊಡ್ಡ ಕಂಪನಿಗಳ ತಲೆನೋವು, ನಮಗೇಕೆ?” ಎನ್ನುವವರು ಈ ಸಂಗತಿಯನ್ನು ಕೇಳಬೇಕು. ನಮ್ಮ ಸದಸ್ಯರೊಬ್ಬರದು ಸರಕು ಸಾಗಣೆಯ ಕಚೇರಿ, 14 ಕಂಪ್ಯೂಟರುಗಳಿವೆ. ಒಂದು ದಿನ ತಂತ್ರಾಂಶ ಕಂಪನಿಯೊಂದರಿಂದ ಪತ್ರ ಬಂತು: ನೀವು ಬಳಸುತ್ತಿರುವ ಪ್ರತಿಗಳೆಷ್ಟು, ಕೊಂಡಿರುವ ಪರವಾನಗಿಗಳೆಷ್ಟು, ದಾಖಲೆ ಕೊಡಿ. ಇವರು 9 ಪರವಾನಗಿಗಳನ್ನು ನಿಜವಾಗಿಯೂ ಹಣ ಕೊಟ್ಟು ಕೊಂಡವರು. ಆದರೆ ಕೊಂಡದ್ದು ಗುಮಾಸ್ತನ ಸ್ವಂತ ಈಮೇಲ್ ವಿಳಾಸದಲ್ಲಿ. ಆತ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಬಿಲ್ಲುಗಳು ಎಲ್ಲಿವೆಯೋ ಗೊತ್ತಿಲ್ಲ. ರುಜುವಾತಿಲ್ಲದ ಪರವಾನಗಿ ಪರವಾನಗಿಯೇ ಅಲ್ಲ ಎಂಬ ಉತ್ತರ ಬಂದಾಗ ಹದಿನಾಲ್ಕಕ್ಕೂ ಹೊಸದಾಗಿ ಹಣ ತೆತ್ತರು. ನಮ್ಮ ಮನಸ್ಸಿಗೆ ಹೆಚ್ಚು ನೋವಾದದ್ದು ಹಣದಿಂದಲ್ಲ. “ಆ ಹುಡುಗನೇ ಮೋಸ ಮಾಡಿದ” ಎಂಬ ಮಾತು ಹಬ್ಬಿತು. ಕುಂದಾಪುರದ ಕಡೆಯಿಂದ ಬಂದು, ಹಗಲು ದುಡಿದು ರಾತ್ರಿ ಓದಿ ಮೇಲೆ ಬಂದ ಹುಡುಗ ಅವನು. ಅವನು ಕದ್ದಿರಲಿಲ್ಲ, ಧಣಿಗಳು ಲೆಕ್ಕ ಇಟ್ಟಿರಲಿಲ್ಲ, ಅಷ್ಟೇ. ನಮ್ಮ ಕುಟುಂಬಗಳಲ್ಲಿ ಇಂಥ ಗುಮಾಸ್ತರೂ ಇದ್ದಾರೆ, ಇಂಥ ಧಣಿಗಳೂ ಇದ್ದಾರೆ. ಹಾಗಾಗಿ ಇದು ನಮ್ಮ ವಿಷಯವೇ ಸರಿ.

ಮೂಲ ತಪ್ಪು ಎಲ್ಲಿದೆ? ಪರವಾನಗಿಯನ್ನು ನಾವು ಕ್ರಯಪತ್ರವೆಂದು ತಿಳಿದಿದ್ದೇವೆ. ಮುಂಬಯಿಯಲ್ಲಿ ಮನೆ ಹುಡುಕಿದವರಿಗೆ ‘ಲೀವ್ ಅಂಡ್ ಲೈಸೆನ್ಸ್’ ಎಂಬ ಮಾತನ್ನು ವಿವರಿಸಬೇಕಾಗಿಲ್ಲ. ಹನ್ನೊಂದು ತಿಂಗಳು ವಾಸಕ್ಕೆ ಅನುಮತಿಯುಂಟು, ಮನೆಯ ಮೇಲೆ ಹಕ್ಕಿಲ್ಲ. ತಂತ್ರಾಂಶದ ಲೈಸೆನ್ಸ್ ಎಂಬುದೂ ಅದೇ ಮಾತು, ಅದೇ ಅರ್ಥ. ವರ್ಷವರ್ಷ ಚಂದಾ ಕಟ್ಟುವ ಪದ್ಧತಿ ಲೀವ್ ಅಂಡ್ ಲೈಸೆನ್ಸಿನಂತೆ. ಚಂದಾ ನಿಂತ ದಿನ ಬಾಗಿಲಿಗೆ ಬೀಗ. ಒಮ್ಮೆ ದೊಡ್ಡ ಮೊತ್ತ ಕೊಟ್ಟು ಶಾಶ್ವತ ಪರವಾನಗಿ ಪಡೆಯುವುದು ಹಳೆಯ ಚಾಳುಗಳ ಪಗಡಿಯಂತೆ; ಇರುವ ಹಕ್ಕು ಗಟ್ಟಿ, ಆದರೆ ದುರಸ್ತಿಗೂ ಹೊಸ ಆವೃತ್ತಿಗೂ ಪ್ರತಿವರ್ಷ ಬೇರೆ ಹಣ. ನಮ್ಮ ಹೋಟೆಲುಗಳಲ್ಲಿ ಕಾಣುವ ಬೆಂಗಳೂರಿನ ಟ್ಯಾಲಿ ಈ ಎರಡನೆಯ ಬಗೆಯದು. ಹೊಸ ಕಂಪ್ಯೂಟರಿನೊಡನೆ ಅಗ್ಗದ ದರದಲ್ಲಿ ಬರುವ ಮೂರನೆಯ ಬಗೆಯೊಂದಿದೆ. ಅದು ಸಾಮಾನ್ಯವಾಗಿ ಆ ಯಂತ್ರಕ್ಕೇ ಅಂಟಿಕೊಂಡದ್ದು, ಯಂತ್ರ ಗುಜರಿಗೆ ಹೋದರೆ ಪರವಾನಗಿಯೂ ಹೋಯಿತು.

ಕಾನೂನು ಈ ವಿಷಯದಲ್ಲಿ ಮೃದುವಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ಆದ ತಿದ್ದುಪಡಿಯಿಂದ ಕಂಪ್ಯೂಟರ್ ಪ್ರೋಗ್ರಾಮನ್ನೂ ಸಾಹಿತ್ಯ ಕೃತಿಯೆಂದೇ ಎಣಿಸಲಾಯಿತು. 1994ರ ತಿದ್ದುಪಡಿ ಸೇರಿಸಿದ 63ಬಿ ಕಲಮಿನಂತೆ, ನಕಲೆಂದು ತಿಳಿದೂ ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸದಿದ್ದಲ್ಲಿ ಮಾತ್ರ ನ್ಯಾಯಾಲಯ ಸೆರೆವಾಸವನ್ನು ಬಿಡಬಹುದು. ಐನೂರು ರೂಪಾಯಿಯ ಹುಡುಗನನ್ನು ಹೊಗಳಿದ ಹಿರಿಯರು ಈ ಕಲಮನ್ನು ಒಮ್ಮೆ ಓದಿದರೆ ಒಳ್ಳೆಯದು.

ಹಾಗೆಂದು ಮಾರುವ ಕಂಪನಿಗಳೆಲ್ಲ ಧರ್ಮರಾಯನ ವಂಶದವರೆಂದು ನಾವು ಹೇಳುತ್ತಿಲ್ಲ. ಅವರ ಲೆಕ್ಕದ ಚಮತ್ಕಾರ ತಿಳಿಯಬೇಕಾದರೆ ನಮ್ಮ ಖಾನಾವಳಿಯನ್ನೇ ನೆನೆಯೋಣ. ತಿಂಗಳ ಕಾರ್ಡಿನ ಮೇಲೆ ಹೆಸರು ಬರೆದು, ಆ ಹೆಸರಿನವನೇ ಉಣ್ಣಬೇಕು ಎಂದರೆ ಅದು ಹೆಸರಿನ ಬಳಕೆದಾರನ ಪರವಾನಗಿ. ಯಾರಾದರೂ ಬನ್ನಿ, ಒಮ್ಮೆಗೆ ಹತ್ತು ಕುರ್ಚಿ ಮಾತ್ರ ಎಂದರೆ ಅದು ಏಕಕಾಲದ ಬಳಕೆಯ ಪರವಾನಗಿ. ಉಣ್ಣುವವರನ್ನು ಬಿಟ್ಟು ಅಡುಗೆಮನೆಯ ಒಲೆಗಳನ್ನು ಎಣಿಸಿದರೆ ಅದು ಕಂಪ್ಯೂಟರಿನ ಕೋರುಗಳ ಲೆಕ್ಕ. ಒಲೆಗೂ ಹಣ ತೆಗೆದುಕೊಂಡು, ತಟ್ಟೆಯೊಂದಕ್ಕೆ ಮತ್ತೆ ಹಣ ಕೇಳುವ ಪದ್ಧತಿಯೂ ಉಂಟು. ಸರ್ವರಿಗೆ ಒಂದು ಪರವಾನಗಿ, ಅದನ್ನು ಮುಟ್ಟುವ ಪ್ರತಿಯೊಬ್ಬನಿಗೂ ಇನ್ನೊಂದು. ಹೀಗೆ ಎಣಿಸುವ ಮಾನ ಯಾವುದೆಂದು ತಿಳಿಯದೆ ಸಹಿ ಹಾಕಿದವನು ತಕ್ಕಡಿ ನೋಡದೆ ಅಕ್ಕಿ ಕೊಂಡಂತೆ.

ತಕ್ಕಡಿಯನ್ನೇ ನಡುವೆ ಬದಲಿಸುವವರ ಮೇಲೆ ನಮಗೆ ನಿಜವಾದ ಸಿಟ್ಟಿದೆ. ಆರಕಲ್ ಕಂಪನಿ ತನ್ನ ಜಾವಾ ಚಂದಾವನ್ನು ಮೊದಲು ಬಳಕೆದಾರರ ಹಾಗೂ ಪ್ರೊಸೆಸರುಗಳ ಲೆಕ್ಕದಲ್ಲಿ ಮಾರುತ್ತಿತ್ತು. ಮೇಜಿನ ಮೇಲಿನ ಕಂಪ್ಯೂಟರಿನ ಬಳಕೆದಾರನೊಬ್ಬನಿಗೆ ತಿಂಗಳಿಗೆ ಎರಡೂವರೆ ಡಾಲರ್. 2023ರ ಜನವರಿಯಲ್ಲಿ ಮಾನವೇ ಬದಲಾಯಿತು. ಇನ್ನು ಮುಂದೆ ಸಂಸ್ಥೆಯ ಎಲ್ಲ ನೌಕರರ ತಲೆ ಎಣಿಕೆ. ಅರೆಕಾಲಿಕರು, ತಾತ್ಕಾಲಿಕರು, ಗುತ್ತಿಗೆಯವರೂ ಸೇರಿ. ಸಾವಿರದೊಳಗಿನ ಸಂಸ್ಥೆಗೆ ಪಟ್ಟಿಯ ಬೆಲೆ ತಲೆಗೆ ತಿಂಗಳಿಗೆ 15 ಡಾಲರ್. 200 ಜನರ ಕಚೇರಿಯಲ್ಲಿ 10 ಜನ ಮಾತ್ರ ಮೇಜಿನ ಕಂಪ್ಯೂಟರಿನಲ್ಲಿ ಜಾವಾ ಬಳಸುತ್ತಾರೆಂದುಕೊಳ್ಳಿ: ಹಳೆಯ ಲೆಕ್ಕದಲ್ಲಿ ತಿಂಗಳಿಗೆ 25 ಡಾಲರ್, ಹೊಸ ಲೆಕ್ಕದಲ್ಲಿ 3000! ಖಾನಾವಳಿಗೆ ಕಾಲಿಡದವರೂ ಅದೇ ಬೀದಿಯಲ್ಲಿ ವಾಸವಾಗಿದ್ದಾರೆಂದು ಊಟದ ಹಣ ಕೇಳಿದಂತಾಯಿತು.

ಇದೊಂದೇ ಅಲ್ಲ. 2023ರ ನವೆಂಬರಿನಲ್ಲಿ ವಿಎಂವೇರ್ ಕಂಪನಿಯನ್ನು ಕೊಂಡ ಬ್ರಾಡ್‌ಕಾಮ್, ಮರುತಿಂಗಳೇ ಶಾಶ್ವತ ಪರವಾನಗಿಗಳ ಮಾರಾಟ ನಿಲ್ಲಿಸಿ ಚಂದಾ ಮಾತ್ರ ಎಂದಿತು. ಪಗಡಿಯವರ ಚಾಳಿಗೆ ಹೊಸ ಮಾಲೀಕ ಬಂದ ಹಾಗೆ. ಇಂಗ್ಲೆಂಡಿನಲ್ಲಿ ಎಸ್‌ಎಪಿ ಕಂಪನಿ ಡಿಯಾಜಿಯೊ ಎಂಬ ಮದ್ಯದ ಸಂಸ್ಥೆಯ ಮೇಲೆ 5 ಕೋಟಿ 40 ಲಕ್ಷ ಪೌಂಡುಗಳಿಗೂ ಮೀರಿದ ದಾವೆ ಹೂಡಿತು. ಸಂಸ್ಥೆಯ ಗಿರಾಕಿಗಳೂ ಮಾರಾಟಗಾರರೂ ಬೇರೆ ತಂತ್ರಾಂಶದಲ್ಲಿ ಆರ್ಡರ್ ಕೊಡುತ್ತಿದ್ದರು, ಅದು ಹಿಂದಿನಿಂದ ಎಸ್‌ಎಪಿಗೆ ತಲುಪುತ್ತಿತ್ತು. ಆದ್ದರಿಂದ ಅವರೂ ಬಳಕೆದಾರರೇ ಎಂಬುದು ವಾದ. 2017ರಲ್ಲಿ ಅಲ್ಲಿನ ಹೈಕೋರ್ಟು ಡಿಯಾಜಿಯೊ ಹೊಣೆಯೆಂದೇ ತೀರ್ಪಿತ್ತಿತು. ಮನೆಯಲ್ಲಿ ಕುಳಿತು ಮಾಣಿಯ ಮೂಲಕ ತಿಂಡಿ ತರಿಸಿಕೊಂಡವನೂ ಪಂಕ್ತಿಯಲ್ಲಿ ಕುಳಿತವನೇ ಆದನು!

ಹಾಗಾದರೆ ಕಂಪನಿಗಳ ದುರಾಸೆಗೆ ನಕಲು ಮಾಡುವುದೇ ತಕ್ಕ ಉತ್ತರವೆಂದು ಕೆಲವರು ವಾದಿಸುತ್ತಾರೆ. ಈ ವಾದವನ್ನು ನಾವು ಖಂಡಿಸುತ್ತೇವೆ. ನಕಲು ಇಟ್ಟುಕೊಂಡವನು ಆ ಕಂಪನಿಯ ಅನ್ಯಾಯವನ್ನು ಪ್ರಶ್ನಿಸುವ ನಾಲಿಗೆಯನ್ನೇ ಕಳೆದುಕೊಳ್ಳುತ್ತಾನೆ. “ನಿಮ್ಮ ಲೆಕ್ಕ ತಪ್ಪು” ಎನ್ನಬೇಕಾದರೆ ಕೈಯಲ್ಲಿ ನಮ್ಮ ಲೆಕ್ಕ ಇರಬೇಕು. ಇನ್ನೊಂದು ಮಾತು: ಪುಣೆಯ ಹಿಂಜವಡಿಯಲ್ಲಿ, ಹೈದರಾಬಾದಿನ ಮಾಧಾಪುರದಲ್ಲಿ ನಮ್ಮ ಮಕ್ಕಳು ಕುಳಿತು ಬರೆಯುವುದೂ ತಂತ್ರಾಂಶವನ್ನೇ. ಅವರ ಸಂಬಳ ಇಂಥ ಪರವಾನಗಿಗಳಿಂದಲೇ ಬರುತ್ತದೆ. ಮಗನ ದುಡಿಮೆಗೆ ಹೆಮ್ಮೆಪಡುವ ತಂದೆ, ಅಂಥದೇ ದುಡಿಮೆಯನ್ನು ಐನೂರು ರೂಪಾಯಿಗೆ ಕದ್ದು ತಂದರೆ ಅದಕ್ಕೆ ಏನೆನ್ನಬೇಕು?

ಲೆಕ್ಕ ಇಡುವುದು ಬ್ರಹ್ಮವಿದ್ಯೆಯಲ್ಲ. ತಂತ್ರಾಂಶ ಆಸ್ತಿಯ ನಿರ್ವಹಣೆಗೆ 2006ರಲ್ಲಿ ಐಎಸ್‌ಒ 19770-1 ಎಂಬ ಅಂತಾರಾಷ್ಟ್ರೀಯ ಮಾನಕವೇ ಪ್ರಕಟವಾಯಿತು. ಅದರ ತಿರುಳು ನಮ್ಮ ಅಜ್ಜಂದಿರ ರೋಕಡಿ ಪುಸ್ತಕಕ್ಕಿಂತ ಬಹಳ ದೂರದ್ದೇನಲ್ಲ. ಒಂದು ಪುಸ್ತಕ, ಎರಡು ಪುಟ. ಎಡಪುಟದಲ್ಲಿ ಕೊಂಡದ್ದು: ತಂತ್ರಾಂಶದ ಹೆಸರು, ಆವೃತ್ತಿ, ಎಣಿಕೆಯ ಮಾನ, ಸಂಖ್ಯೆ, ಬಿಲ್ಲಿನ ನಂಬರು, ಮುಗಿಯುವ ತಾರೀಕು. ಬಲಪುಟದಲ್ಲಿ ಹಾಕಿದ್ದು: ಯಾವ ಯಂತ್ರದಲ್ಲಿ, ಯಾರ ಹೆಸರಿನಲ್ಲಿ, ಎಂದಿನಿಂದ. ಮೂರು ತಿಂಗಳಿಗೊಮ್ಮೆ ಎರಡನ್ನೂ ತಾಳೆ ನೋಡಬೇಕು. ಬಲಪುಟ ಹೆಚ್ಚಾದರೆ ಅಪರಾಧ, ಎಡಪುಟ ಹೆಚ್ಚಾದರೆ ದಂಡದ ಖರ್ಚು. ಈ ಎರಡನೆಯದನ್ನು ಯಾರೂ ಗಮನಿಸುವುದಿಲ್ಲ. ಕೆಲಸ ಬಿಟ್ಟುಹೋದವರ ಹೆಸರಿನಲ್ಲಿ ಚಂದಾ ಕಟ್ಟುತ್ತಲೇ ಇರುವ ಕಚೇರಿಗಳನ್ನು ನಾವೇ ಕಂಡಿದ್ದೇವೆ. ಖರೀದಿಯನ್ನು ಸಂಸ್ಥೆಯ ಈಮೇಲ್ ವಿಳಾಸದಲ್ಲೇ ಮಾಡಬೇಕು, ನೌಕರನ ವಿಳಾಸದಲ್ಲಿ ಕೂಡದು. ಒಪ್ಪಂದದ ಪ್ರತಿಯನ್ನು ಕೊಂಡ ದಿನವೇ ಉಳಿಸಿಡಬೇಕು. ತಪಾಸಣೆಯ ಪತ್ರ ಬಂದರೆ ಗಾಬರಿಯಿಂದ ತೋಚಿದ್ದನ್ನು ಬರೆದು ಕಳಿಸದೆ, ಮೊದಲು ಒಪ್ಪಂದ ಓದಿ, ನಮ್ಮ ಪುಸ್ತಕ ತಾಳೆ ನೋಡಿ, ವಕೀಲರನ್ನು ಕೇಳಿ ಉತ್ತರಿಸಬೇಕು.

ಹಣವಿಲ್ಲದವರಿಗೂ ಪ್ರಾಮಾಣಿಕ ದಾರಿಯುಂಟು. ಪತ್ರ, ಲೆಕ್ಕಪಟ್ಟಿಗಳಿಗೆ ಲಿಬ್ರೆಆಫೀಸ್ ಇದೆ. ಕನ್ನಡ ಬರವಣಿಗೆಗೆ ಕನ್ನಡ ಗಣಕ ಪರಿಷತ್ತಿನ ನುಡಿ ಇದೆ. ಜಾವಾ ಬೇಕಾದವರಿಗೆ ಓಪನ್‌ಜೆಡಿಕೆ ಇದೆ. ಭಾರತ ಸರ್ಕಾರವೇ 2015ರಲ್ಲಿ ತನ್ನ ಕಚೇರಿಗಳಿಗೆ ಮುಕ್ತ ತಂತ್ರಾಂಶದ ನೀತಿಯನ್ನು ಪ್ರಕಟಿಸಿತು. ಆದರೆ ಪುಕ್ಕಟೆ ಎಂದೊಡನೆ ಷರತ್ತಿಲ್ಲ ಎಂದುಕೊಳ್ಳಬಾರದು. ಮನೆಬಳಕೆಗೆ ಮಾತ್ರ ಉಚಿತವಾದ ತಂತ್ರಾಂಶವನ್ನು ಕಚೇರಿಯಲ್ಲಿ ಹಾಕಿದರೆ ಅದೂ ಒಪ್ಪಂದದ ಉಲ್ಲಂಘನೆಯೇ. ಇವುಗಳಿಗೂ ಪುಸ್ತಕದಲ್ಲಿ ಒಂದೊಂದು ಸಾಲು ಬೇಕು.

ಸಮಿತಿಯ ಮುಂದೆ ನಮ್ಮ ಬೇಡಿಕೆ ಮೂರು. ಕೋಶಾಧಿಕಾರಿಗಳು ಬರೆದ ಆ ಸಾಲನ್ನು ಹೊಡೆದುಹಾಕದೆ ಮಂಜೂರು ಮಾಡಬೇಕು. ಸಂಘದ ಕಂಪ್ಯೂಟರುಗಳಲ್ಲಿರುವ ನಕಲುಗಳನ್ನೆಲ್ಲ ಈ ತಿಂಗಳೊಳಗೆ ಅಳಿಸಬೇಕು. ಪತ್ರಿಕೆಯ ಕಂಪ್ಯೂಟರಿನಿಂದಲೇ ಆರಂಭವಾಗಲಿ. ಒಂದು ಭಾನುವಾರ ನಮ್ಮ ಇಂಜಿನಿಯರ್ ತರುಣರು ಸಭಾಗೃಹದಲ್ಲಿ ಕುಳಿತು, ಹೋಟೆಲು, ಅಂಗಡಿ, ಸಣ್ಣ ಕಚೇರಿಗಳ ಸದಸ್ಯರಿಗೆ ಈ ಪುಸ್ತಕ ಬರೆಯುವುದನ್ನು ಕಲಿಸಿಕೊಡಬೇಕು.

ಚಪ್ಪಾಳೆ ತಟ್ಟಿದವರೆಲ್ಲ ಆ ಭಾನುವಾರ ತಮ್ಮ ಬಿಲ್ಲುಗಳನ್ನು ಹುಡುಕಿ ತರಲಿ. ಸಿಗದೆ ಹೋದರೆ ಕಾಗದ ಬರುವುದಕ್ಕೆ ಮುಂಚೆ ತಿಳಿಯಿತಲ್ಲ, ಅದೇ ಲಾಭ.