ಪಹಣಿ ಸಾಕು, ತಟ್ಟೆ ನೋಡಿ



ಪಟ್ಟಣದ ಕಾಲೇಜಿಗೆ ಹೋದ ಮಗ ಹೊಟ್ಟೆತುಂಬ ಉಣ್ಣುತ್ತಾನೋ ಇಲ್ಲವೋ ಎಂಬುದು ಯಾವ ಸರ್ಟಿಫಿಕೇಟಿನಲ್ಲಿ ಬರೆದಿರುತ್ತದೆ? ಆದರೂ ಅವನಿಗೆ ನೆರವು ಬೇಕೋ ಬೇಡವೋ ಎಂದು ತೀರ್ಮಾನ ಮಾಡುವುದು ಕಾಗದ ನೋಡಿಯೇ. ಪಹಣಿಯಲ್ಲಿ ಐದು ಎಕರೆ ಕಂಡರೆ ನೀವು ದೊಡ್ಡ ಕುಳ. ಬ್ಯಾಂಕಿನ ಸಾಲವೇನೋ ಪಹಣಿಗೆ ಏರುತ್ತದೆ. ಕೈಸಾಲ ಏರುತ್ತದೆಯೇ? ಗೊಬ್ಬರದಂಗಡಿಯ ಉದ್ದರಿ ಏರುತ್ತದೆಯೇ? ನಾಡಕಚೇರಿಯಲ್ಲಿ ಕೊಡುವ ಆದಾಯ ಪತ್ರದ ಅವಧಿ ಐದು ವರ್ಷ. ನಮ್ಮ ಆದಾಯವೋ, ಒಂದು ಮಳೆಗೆ ಒಂದು ಥರ!

ಚೀನಾ ದೇಶದಲ್ಲಿ ಇದಕ್ಕೆ ಬೇರೊಂದು ದಾರಿ ಹುಡುಕಿದ್ದಾರೆ. ಹೆಫೈ ನಗರದ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ 2004ರಲ್ಲೇ ಇದನ್ನು ಶುರುಮಾಡಿತು. ಅಲ್ಲಿ ಊಟದ ಮನೆಯಲ್ಲಿ ಕಾರ್ಡು ತೋರಿಸಿ ಉಣ್ಣುತ್ತಾರೆ. ಯಾರು ಎಷ್ಟು ಸಲ ಉಂಡರು, ಎಷ್ಟು ಖರ್ಚು ಮಾಡಿದರು ಎಂಬ ಲೆಕ್ಕ ತಾನಾಗಿ ಉಳಿಯುತ್ತದೆ. ತೀರಾ ಕಡಿಮೆ ಖರ್ಚು ಮಾಡುವವರಿಗೆ ಸದ್ದಿಲ್ಲದೆ ನೆರವು ಕೊಟ್ಟರು.

2016ರಲ್ಲಿ ನಾನ್‌ಜಿಂಗ್‌ನ ಇನ್ನೊಂದು ತಾಂತ್ರಿಕ ವಿಶ್ವವಿದ್ಯಾಲಯವೂ ಹೀಗೇ ಮಾಡಿತು. ತಿಂಗಳಿಗೆ 60ಕ್ಕಿಂತ ಹೆಚ್ಚು ಸಲ ಅಲ್ಲೇ ಉಂಡು, ಒಟ್ಟು 420 ಯುವಾನ್‌ಗಿಂತ ಕಡಿಮೆ ಖರ್ಚು ಮಾಡಿದವರ ಪಟ್ಟಿ ತೆಗೆದರು. ಅಂದರೆ ಊಟಕ್ಕೆ 7 ಯುವಾನ್ ಕೂಡ ಇಲ್ಲ. ಆ ಪಟ್ಟಿಯನ್ನು ಮತ್ತೆ ವಿಚಾರಿಸಿ ನೋಡಿ, ಕೊನೆಗೆ 301 ಮಂದಿಯ ಕಾರ್ಡಿಗೆ ಹಣ ತುಂಬಿದರು. ಅರ್ಜಿ ಇಲ್ಲ, ಸಾಲು ಇಲ್ಲ, ವೇದಿಕೆ ಹತ್ತಿಸಿ ಫೋಟೋ ಹೊಡೆಸುವುದಂತೂ ಇಲ್ಲವೇ ಇಲ್ಲ.

ಇದರಲ್ಲಿ ದೊಡ್ಡದು ಹಣವಲ್ಲ, ಮರ್ಯಾದೆ. ನಮ್ಮ ಮಕ್ಕಳು ಹಸಿದುಕೊಂಡಾದರೂ ಇರುತ್ತಾರೆ, 'ನಾನು ಬಡವ' ಎಂದು ಹತ್ತು ಜನರ ಎದುರು ಅರ್ಜಿ ಹಿಡಿದು ನಿಲ್ಲುವುದಿಲ್ಲ.

ಆದರೆ ಲೆಕ್ಕ ಒಂದನ್ನೇ ನಂಬಿದರೂ ಕೆಟ್ಟಿತು. ದಿನಕ್ಕೆ ಒಂದೇ ಹೊತ್ತು ಉಣ್ಣುವವನು 60 ಊಟ ಮುಟ್ಟುವುದೇ ಇಲ್ಲ! ಎಲ್ಲರಿಗಿಂತ ಹೆಚ್ಚು ಹಸಿದವನೇ ಪಟ್ಟಿಯಿಂದ ಹೊರಗೆ. ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದುಹೋಗುವ ಹುಡುಗಿಯೂ ಹೊರಗೆ. ಆದ್ದರಿಂದ ಯಂತ್ರ ಹೆಸರು ತೋರಿಸಲಿ, ಮೇಷ್ಟ್ರು ಹೋಗಿ ಮುಖ ನೋಡಲಿ. ಊಟಕ್ಕೆಂದು ತೆಗೆದ ಲೆಕ್ಕವನ್ನು ಮಕ್ಕಳ ಮೇಲೆ ಕಾವಲಿಗೆ ಬಳಸಕೂಡದು ಎಂಬ ಕಟ್ಟುಪಾಡೂ ಇರಲಿ.

ನಮ್ಮ ಕಡೆ ಎಲ್ಲ ಹಾಸ್ಟೆಲಿನಲ್ಲೂ ಇಂಥ ಕಾರ್ಡು ಇಲ್ಲ, ನಿಜ. 2021ರಲ್ಲಿ ಬಂದ ರೈತ ವಿದ್ಯಾನಿಧಿ ಹಣವನ್ನು ನೇರ ಮಕ್ಕಳ ಖಾತೆಗೆ ಹಾಕುವ ಪದ್ಧತಿ ತಂದಿತು, ಅದು ಒಳ್ಳೆಯದೇ. ಆದರೆ ಈ ತಿಂಗಳು ಯಾರ ಮನೆಯಲ್ಲಿ ದುಡ್ಡು ನಿಂತಿತು ಎಂಬುದು ಜಮೀನಿನ ದಾಖಲೆಗೆ ತಿಳಿಯದು. ಕಾಲೇಜಿನ ಪುಸ್ತಕಕ್ಕೆ ತಿಳಿದೀತು. ಫೀಜು ಕಟ್ಟಲು ಯಾರು ವಾಯಿದೆ ಕೇಳಿದರು, ಮೆಸ್ಸಿನ ಬಾಕಿ ಯಾರದು ಬೆಳೆಯುತ್ತಿದೆ, ಪರೀಕ್ಷಾ ಶುಲ್ಕಕ್ಕೆ ಯಾರು ಕೊನೆಯ ದಿನದವರೆಗೆ ಕಾದರು, ಎಲ್ಲ ಅಲ್ಲಿದೆ. ಇವತ್ತು ಆ ಪುಸ್ತಕ ತೆಗೆಯುವುದು ದಂಡ ಹಾಕುವುದಕ್ಕೆ. ಅದೇ ಪುಸ್ತಕವನ್ನು ನೆರವು ಕೊಡುವುದಕ್ಕೆ ಯಾಕೆ ತೆಗೆಯಬಾರದು?

ನಿಮ್ಮ ಮಕ್ಕಳು ಓದುವ ಕಾಲೇಜಿನ ಸಭೆಗೆ ಹೋದಾಗ ಈ ಪ್ರಶ್ನೆ ಕೇಳಿ. ನೀವು ಕೇಳದಿದ್ದರೆ ಮತ್ಯಾರು ಕೇಳುತ್ತಾರೆ?