ಸಿಲೆಬಸ್ಸಿನ ಹೊರಗಿನ ತ್ರಿಭುಜ

ಎರಡು ತ್ರಿಭುಜಗಳ ಮೂರೂ ಕೋನಗಳು ಅನುಕ್ರಮವಾಗಿ ಸಮವಾದರೆ ಅವು ಸಮರೂಪಗಳು, ಸರ್ವಸಮಗಳೇ ಆಗಬೇಕೆಂದಿಲ್ಲ. ಹತ್ತನೆಯ ತರಗತಿಯ ಮಕ್ಕಳಿಗೆ ನಾವಿದನ್ನು ಉರು ಹೊಡೆಸುತ್ತೇವೆ. ಇದು ಚಪ್ಪಟೆ ಹಾಳೆಯ ಮೇಲಿನ ಸತ್ಯ ಮಾತ್ರ ಎಂದು ಹೇಳುವ ಮೇಷ್ಟರು ಎಷ್ಟು ಮಂದಿ? ನಮ್ಮ ಪಣಂಬೂರಿನ ಬಂದರಿನಿಂದ ಹೊರಟ ಹಡಗು ಸಾಗುವುದು ಗೋಲದ ಮೇಲೆ. ಅಲ್ಲಿ ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿಯನ್ನು ಮೀರುತ್ತದೆ. ಕೋನಗಳು ಗೊತ್ತಾದರೆ ಬಾಹುಗಳೂ ಗೊತ್ತಾದವು. ಹೈಪರ್ಬೋಲಿಕ್ ರೇಖಾಗಣಿತದಲ್ಲಿ ಮೊತ್ತ 180ಕ್ಕಿಂತ ಕಡಿಮೆ, ಆದರೆ ಬಿಗಿ ಅದೇ. ಆಕಾರ ಕೆಡಿಸದೆ ಹಿಗ್ಗಿಸುವ ಕುಗ್ಗಿಸುವ ಸ್ವಾತಂತ್ರ್ಯವು ಯೂಕ್ಲಿಡನ ಸಮಾಂತರ ರೇಖೆಗಳ ಆಧಾರ ಪ್ರತಿಜ್ಞೆ ಕೊಟ್ಟ ಸವಲತ್ತು.

ಇದನ್ನು ತರಗತಿಯಲ್ಲಿ ಹೇಳಿದಾಗ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು, "ಪರೀಕ್ಷೆಗೆ ಬಾರದ್ದನ್ನು ಹೇಳಿ ಮಕ್ಕಳ ತಲೆ ಕೆಡಿಸಬೇಡಿ" ಎಂದಿದ್ದರು. ಈ ಧೋರಣೆಯನ್ನೇ ನಾನು ವಿರೋಧಿಸುವುದು. 'ಹಳ್ಳಿಯ ಮಕ್ಕಳಿಗೆ ಇದೆಲ್ಲ ಯಾಕೆ' ಎಂಬ ಕನಿಕರವಂತೂ ಶುದ್ಧ ತಾತ್ಸಾರ.

ಈ ಬಿಗಿತವೇ ಬೆಳೆದು ಇಪ್ಪತ್ತನೆಯ ಶತಮಾನದ ಮಹಾಪ್ರಮೇಯವಾಯಿತು. 1968ರಲ್ಲಿ ಮೋಸ್ಟೋ ತೋರಿಸಿದ್ದಿಷ್ಟು: ಮೂರು ಅಥವಾ ಹೆಚ್ಚು ಆಯಾಮಗಳ ಸಂವೃತ ಹೈಪರ್ಬೋಲಿಕ್ ಆಕೃತಿಯಲ್ಲಿ ಕುಣಿಕೆಗಳು ಒಂದಕ್ಕೊಂದು ಕೂಡುವ ಬಗೆ ತಿಳಿದರೆ ಸಾಕು, ಉದ್ದ, ಕೋನ, ಘನಫಲ ಎಲ್ಲವೂ ನಿಶ್ಚಿತ. ಕೂದಲೆಳೆಯಷ್ಟೂ ಜಗ್ಗಲಾಗದು. (ಎರಡು ಆಯಾಮದಲ್ಲಿ ಹಾಗಲ್ಲ, ಎರಡು ರಂಧ್ರಗಳ ಮೇಲ್ಮೈಯನ್ನು ಆರು ಸ್ವತಂತ್ರ ವಿಧಗಳಲ್ಲಿ ಜಗ್ಗಬಹುದು.) ಸಾಧನೆಯ ಮರ್ಮವಿರುವುದು ಎರ್ಗೋಡಿಕ್ ಗುಣದಲ್ಲಿ. ಕಡೆಗೋಲು ಆಡುವ ಗಡಿಗೆಯಲ್ಲಿ ಒಂದು ಮೂಲೆಯ ಮೊಸರು ಮಾತ್ರ ಬೇರೆಯಾಗಿ ಉಳಿಯಲಾರದಷ್ಟೆ? ಅನಂತದಂಚಿನಲ್ಲಿ ಸಮೂಹದ ಕ್ರಿಯೆಯೂ ಹಾಗೆಯೇ: ಅದಕ್ಕೆ ಬದಲಾಗದೆ ನಿಲ್ಲುವ ಭಾಗವೆಂದರೆ ಒಂದೋ ಶೂನ್ಯ, ಇಲ್ಲವೇ ಸರ್ವಸ್ವ. ವಿಕಾರವು ಅಲ್ಲಲ್ಲಿ ಮಾತ್ರ ಅಡಗಿರಲು ಎಡೆಯಿಲ್ಲ. ಎಲ್ಲೆಡೆಯೂ ಇದೆಯೆಂದರೆ ವಿರೋಧಾಭಾಸ.

ಸಂವೃತವಲ್ಲದ, ಆದರೆ ಸೀಮಿತ ಘನಫಲದ ಆಕೃತಿಗಳಿಗೆ ಇದನ್ನು 1973ರಲ್ಲಿ ವಿಸ್ತರಿಸಿದವರು ಮುಂಬಯಿಯ ಟಾಟಾ ಸಂಸ್ಥೆಯ ಗೋಪಾಲ ಪ್ರಸಾದ್. ಅವರ ಗುರು ಎಂ. ಎಸ್. ರಘುನಾಥನ್ 1955ರಿಂದ 57ರವರೆಗೆ ಇಂಟರ್‌ಮೀಡಿಯೆಟ್ ಓದಿದ್ದು ಎಲ್ಲಿ ಗೊತ್ತೇ? ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ! ಲೀ ಸಮೂಹಗಳ ವಿವಿಕ್ತ ಉಪಸಮೂಹಗಳನ್ನು ಕುರಿತ ಅವರ 1972ರ ಗ್ರಂಥ ರಷ್ಯನ್ ಭಾಷೆಗೆ ಹೋಯಿತು. ಆ ಅನುವಾದಕ್ಕೆ ಅನುಬಂಧ ಬರೆದವರು ಸ್ವತಃ ಮಾರ್ಗುಲಿಸ್. ಈ ವಿಷಯದ ಮೇಲೆ ಕನ್ನಡದಲ್ಲಿ ನಾನು ಒಂದು ಪುಟವನ್ನೂ ಓದಿಲ್ಲ. ಗೈಡುಗಳಿಗೇನೋ ಬರವಿಲ್ಲ.

ಮೋಸ್ಟೋನ ಸಾಧನೆಯನ್ನು ಎಸ್ಸೆಸ್ಸೆಲ್ಸಿಗೆ ಇಡಿ ಎಂದು ನಾನು ಹೇಳುತ್ತಿಲ್ಲ. ಸಮಾಜ ವಿಜ್ಞಾನದ ಮೇಷ್ಟರ ಗ್ಲೋಬನ್ನು ಒಂದು ಪೀರಿಯಡ್ ಗಣಿತದ ತರಗತಿಗೆ ತರಲು ಯಾವ ಸುತ್ತೋಲೆ ಬೇಕು? ಉತ್ತರ ಧ್ರುವದಿಂದ ಲಂಬವಾಗಿ ಅಗಲುವ ಎರಡು ದಾರಗಳನ್ನು ಸಮಭಾಜಕಕ್ಕೆ ಇಳಿಬಿಡಿ. ಮೂರೂ ಲಂಬಕೋನಗಳ ತ್ರಿಭುಜ ಸಿಕ್ಕಿತು. ಅದೇ ಕೋನಗಳಿಂದ ಇನ್ನೊಂದು ಚಿಕ್ಕ ತ್ರಿಭುಜ ರಚಿಸಿರೆಂದು ಮಕ್ಕಳಿಗೆ ಹೇಳಿ, ಗಂಟೆ ಬಾರಿಸುವವರೆಗೂ ಸುಮ್ಮನೆ ಕುಳಿತುಕೊಳ್ಳಿ.