ಮೈಕು ಯಾರ ಕೈಲಿ?

1973ರಲ್ಲಿ ಮೈಸೂರಿನ ಸಭೆಯಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಆ ಒಂದು ಮಾತಿಗೆ ಮಂತ್ರಿಗಿರಿ ಬಿಡಬೇಕಾಯ್ತು. ನಮ್ಮ ಮಾತಿಗೆ ಅಷ್ಟು ಹೆದರ್ತಾರೆ. ಹಾಗಿರುವಾಗ ನಮ್ಮ ವೇದಿಕೆಯಲ್ಲೇ ನಮ್ಮ ಮಾತು ಕೇಳಿಸದಿದ್ದರೆ ಹೇಗೆ?

ಶಾಮಿಯಾನ ಕಟ್ಟೋರು ನಾವು, ಜಮಖಾನ ಹಾಸೋರು ನಾವು. ಮೈಕು ಮಾತ್ರ ಮುಖಂಡರ ಕೈಲಿ. ಕೂಲಿ ಹೆಣ್ಣುಮಗಳಿಗೆ ಕೊನೇಲಿ ಎರಡು ನಿಮಿಷ. ಅದೂ ಮೈಕು ಹಿಡಿಯೋನು ಇನ್ನೊಬ್ಬ. ಆಕೆ ನಿಜ ಹೇಳಲು ಶುರುಮಾಡಿದರೆ ಅವನ ಕೈ ಹಿಂದಕ್ಕೆ ಹೋಗುತ್ತದೆ. 'ಆಕೆಗೆ ಹಿಡಿಯೋಕೆ ಬರಲ್ಲ' ಅನ್ನೋದು ನೆಪ.

ಯಾಕೆ ಬರಲ್ಲ? ಕುಡುಗೋಲು ಹಿಡಿದ ಕೈ ಅದು. ಬಾಯಿಂದ ಎರಡು ಬೆರಳು ದೂರ ಹಿಡೀರಿ. ತಲೆ ತಿರುಗಿದ ಕಡೆ ಮೈಕೂ ತಿರುಗಲಿ. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಬೇಡಿ, ಸ್ಪೀಕರಿನತ್ತ ತೋರಿಸಬೇಡಿ. ಸ್ಪೀಕರಿನ ದನಿ ಮತ್ತೆ ಮೈಕಿಗೇ ನುಗ್ಗಿ ಕಿರುಚುತ್ತದೆ. ಕುಟ್ಟಬೇಡಿ, ಊದಬೇಡಿ. ಇಷ್ಟೇ ವಿದ್ಯೆ.

ತನ್ನ ದನಿಯನ್ನೇ ತಾನು ಕೇಳುತ್ತ ಕೂತ ಮುಖಂಡನೂ ಹೀಗೇ ಕಿರುಚುತ್ತಾನೆ.

ಮುಂದಿನ ಸಭೆಯಲ್ಲಿ ಮೊದಲ ಮಾತು ಹೆಣ್ಣುಮಕ್ಕಳದು. ಮೈಕು ಅವರ ಕೈಗೇ ಕೊಡಿ. ಕೊಡದಿದ್ದರೆ ತಾಯಂದಿರೇ, ಕೇಳಬೇಡಿ, ತಗೊಳ್ಳಿ.

ಜೈ ಭೀಮ್.